ಪೆಟ್ಟು ತಾಳುವ ಪದರಗಳು: ಮಧುಗಿರಿಯ ಕರಿಮರಳಿನಿಂದ ವಿಮಾನದ ಮೈವರೆಗೆ

ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಬೆಟ್ಟಗಳ ಬುಡದಲ್ಲಿ ಜೋರು ಮಳೆ ಬಿದ್ದು, ಹಳ್ಳಗಳು ಹರಿದು ನಿಂತ ಮೇಲೆ ಮರಳಿನ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳು ಉಳಿಯುತ್ತವೆ. ಒಂದು ಹಿಡಿ ತೆಗೆದು ಅಯಸ್ಕಾಂತ ಹಿಡಿದರೆ ಕಪ್ಪು ಕಣಗಳು ಮೀಸೆಯಂತೆ ಎದ್ದು ಅಂಟಿಕೊಳ್ಳುತ್ತವೆ. ಬಂಡೆಗಳು ಸವೆದು ಬಂದ ಕಬ್ಬಿಣದ ಅದಿರು ಅದು. ಇಂದು ಅದನ್ನು ಬಳಿದು ತೆಗೆಯುವವರಿಲ್ಲ. ಇನ್ನೂರು ವರ್ಷಗಳ ಹಿಂದೆ ಇದೇ ಕರಿಮರಳಿನಿಂದ ಈ ಸೀಮೆಯ ಜನ ಕಬ್ಬಿಣ ತೆಗೆದು, ಅದರಿಂದ ಉಕ್ಕು ಮಾಡಿ, ಕಲ್ಲು ಕಡಿಯುವ ಉಳಿಯಿಂದ ಹಿಡಿದು ಕತ್ತಿಯವರೆಗೆ ಹರಿತ ಬೇಕಾದ ಸಾಮಾನುಗಳಿಗೆ ಒದಗಿಸುತ್ತಿದ್ದರು.

ಕತ್ತಿ ಇದ್ದಲ್ಲಿ ಕತ್ತಿಯ ಏಟನ್ನು ತಡೆಯುವ ಯೋಚನೆಯೂ ಇರಲೇಬೇಕಲ್ಲ. ಏಟು ಬಿದ್ದಾಗ ಯಾವ ವಸ್ತು ಒಡೆಯುತ್ತದೆ, ಯಾವುದು ಬಾಗುತ್ತದೆ, ಯಾವುದು ಏಟನ್ನು ನುಂಗಿಕೊಳ್ಳುತ್ತದೆ ಎಂಬುದು ಹಳೆಯ ಸೈನಿಕನ ಮಟ್ಟಿಗೆ ಪ್ರಾಣದ ಪ್ರಶ್ನೆ. ಇಂದಿನ ವಿಮಾನ ತಯಾರಕರಿಗೂ, ಮೋಟಾರ್ ಸೈಕಲ್ ಓಡಿಸುವವರಿಗೂ ಅದು ಅಂಥದೇ ಪ್ರಶ್ನೆ. ಎರಡು ಕಾಲದವರೂ ಕಂಡುಕೊಂಡ ಉತ್ತರದಲ್ಲಿ ಹೋಲಿಕೆಯಿದೆ. ಲೋಹವೊಂದನ್ನೇ ನಂಬಬಾರದು, ನಾರೊಂದನ್ನೇ ನಂಬಬಾರದು, ಎರಡನ್ನೂ ಪದರ ಪದರವಾಗಿ ಕೂಡಿಸಬೇಕು.

ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಬರಹಗಳಿಗೆ ಕೊರತೆಯೇನಿಲ್ಲ. ಇಲ್ಲಿನ ಮಾತು ಅದಲ್ಲ. ವಿಜಯನಗರದ ಕವಚ ಹೊಲಿದವನಿಗೂ ಇಂದಿನ ವಿಮಾನದ ಎಂಜಿನಿಯರಿಗೂ ನಡುವೆ ಗುರುಪರಂಪರೆಯೇನೂ ಇಲ್ಲ. ಏಟಿನ ಗುಣ ಒಂದೇ ಆದ್ದರಿಂದ ಇಬ್ಬರೂ ಬೇರೆ ಬೇರೆ ದಾರಿಯಿಂದ ಹತ್ತಿರ ಹತ್ತಿರದ ಜಾಗಕ್ಕೆ ಬಂದು ಮುಟ್ಟಿದರು, ಅಷ್ಟೆ.

ಮೂಸೆಯಲ್ಲಿ ಬೆಂದ ಉಕ್ಕು

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಹೊಲ, ಬೆಳೆ, ಜಾತಿ, ಕಸುಬು ಯಾವುದನ್ನೂ ಬಿಡದೆ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆ ಪ್ರವಾಸ ಕಥನದಲ್ಲಿ ಮಧುಗಿರಿ ಮತ್ತು ಚನ್ನರಾಯನದುರ್ಗದ ಸುತ್ತಿನ ಕಬ್ಬಿಣದ ಕುಲುಮೆಗಳ ವಿವರ ದೀರ್ಘವಾಗಿದೆ. ಮಳೆಗಾಲದ ತೊರೆಗಳು ಬೆಟ್ಟದಿಂದ ಹೊತ್ತು ತರುವ ಕರಿಮರಳೇ ಅದಿರು, ಕಾಡಿನ ಮರ ಸುಟ್ಟ ಇದ್ದಿಲೇ ಸೌದೆ, ಚರ್ಮದ ತಿದಿಯೇ ಗಾಳಿಯ ಯಂತ್ರ. ಕುಲುಮೆಯಿಂದ ಬಂದ ಕಬ್ಬಿಣದ ಮುದ್ದೆಯಲ್ಲಿ ಕಿಟ್ಟವೇ ಬಹಳ. ಅದನ್ನು ಮತ್ತೆ ಕಾಯಿಸಿ ಬಡಿದು ಬಡಿದು ಕಿಟ್ಟ ಉದುರಿಸಬೇಕು.

ಉಕ್ಕು ಮಾಡುವುದು ಇದರ ಮುಂದಿನ ಹಂತ. ಹಸಿ ಮಣ್ಣಿನ ಚೂಪು ತಳದ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡನ್ನಿಟ್ಟು, ಜತೆಗೆ ತಂಗಡಿ ಗಿಡದ ಕಡ್ಡಿಗಳನ್ನೂ ಒಂದು ಬಳ್ಳಿಯ ಎರಡು ಹಸಿ ಎಲೆಗಳನ್ನೂ ಹಾಕಿ, ಮಣ್ಣಿನ ಮುಚ್ಚಳದಿಂದ ಬಾಯಿ ಮುಚ್ಚುತ್ತಿದ್ದರು. ಇಂಥ ಹತ್ತಾರು ಮೂಸೆಗಳನ್ನು ಒಟ್ಟಿಗೆ ಇದ್ದಿಲಿನಲ್ಲಿ ಹೂತು ತಿದಿಯೊತ್ತುತ್ತಿದ್ದರು. ತಂಗಡಿ ಎಂದರೆ ಬಯಲುಸೀಮೆಯ ಬೀಳು ಹೊಲಗಳಲ್ಲಿ ಹಳದಿ ಹೂ ಬಿಡುವ, ಎಲ್ಲರೂ ಕಂಡಿರುವ ಆವರಿಕೆ ಗಿಡವೇ. ಅದಕ್ಕಿಲ್ಲಿ ಏನು ಕೆಲಸ? ಮುಚ್ಚಿದ ಮೂಸೆಯಲ್ಲಿ ಕಡ್ಡಿ ಸುಟ್ಟು ಇಂಗಾಲವಾಗುತ್ತದೆ. ಆ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇಂಗಾಲ ಸೇರಿದಂತೆಲ್ಲ ಕರಗುವ ಶಾಖ ಇಳಿಯುತ್ತದೆ. ತಿದಿಯ ಗಾಳಿಗೆ ನಿಲುಕುವ ಮಟ್ಟಕ್ಕೆ ಅದು ಇಳಿದಾಗ ಮೂಸೆಯೊಳಗಿನ ಲೋಹ ದ್ರವವಾಗಿ, ಆರಿದ ಮೇಲೆ ಗಟ್ಟಿ ಉಂಡೆಯಾಗುತ್ತದೆ.

ಈ ಉಕ್ಕನ್ನು ಇಂಗ್ಲಿಷರು ‘ವೂಟ್ಸ್’ ಎಂದು ಕರೆದರು. ಕನ್ನಡದ ‘ಉಕ್ಕು’ ಶಬ್ದವೇ ಯಾರದೋ ಕಿವಿಯಲ್ಲೋ ಲೇಖನಿಯಲ್ಲೋ ತಿರುಚಿಕೊಂಡು ಹೀಗಾಗಿರಬೇಕು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಬಗೆಗೆ ಪ್ರಬಂಧ ಓದಿದ. ಮುಂದೆ ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೇಲ್ ಫ್ಯಾರಡೆ ಕೂಡ ತನ್ನ ಯೌವನದಲ್ಲಿ ಕೆಲವು ವರ್ಷ ಈ ಉಕ್ಕಿನ ಬೆನ್ನು ಹತ್ತಿದ್ದ. ಬೆಂಗಳೂರಿನ ವಿಜ್ಞಾನಿಗಳಾದ ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ ದಕ್ಷಿಣ ಭಾರತದ ಮೂಸೆ ಉಕ್ಕಿನ ಚರಿತ್ರೆಯನ್ನು 2004ರಲ್ಲಿ ಪುಸ್ತಕವಾಗಿ ತಂದಿದ್ದಾರೆ.

ಸಾಮಾನ್ಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಮೂಸೆ ಉಕ್ಕಿನಲ್ಲಿ ಒಂದರಿಂದ ಎರಡು ಪಾಲು. ಇಂಗಾಲ ಹೆಚ್ಚಾದಂತೆ ಲೋಹ ಗಡಸಾಗುತ್ತದೆ, ಹರಿತ ಹಿಡಿಯುತ್ತದೆ. ಜತೆಗೆ ಪೆಡಸೂ ಆಗುತ್ತದೆ. ಗಡಸು ಎಂದರೆ ಗೀರಿದರೆ ಗೀರು ಬೀಳದ್ದು. ಪೆಡಸು ಎಂದರೆ ಬಡಿದರೆ ಚೂರಾಗುವುದು. ಗಾಜು ಕಬ್ಬಿಣಕ್ಕಿಂತ ಗಡಸು, ಆದರೆ ಕೈಜಾರಿ ಬಿದ್ದ ಗಾಜಿನ ಲೋಟದ ಗತಿ ಏನೆಂಬುದು ಎಲ್ಲರಿಗೂ ಗೊತ್ತು. ಈ ಎರಡು ಗುಣಗಳ ಜಗ್ಗಾಟವೇ ಪೆಟ್ಟು ತಾಳುವ ವಿದ್ಯೆಯ ಮೂಲ.

ಮೂಸೆ ಉಕ್ಕಿನಿಂದ ಮಾಡಿದ ಒಳ್ಳೆಯ ಕತ್ತಿಗಳಲ್ಲಿ ನೀರಿನ ಅಲೆಯಂಥ ಗೆರೆಗಳು ಕಾಣುತ್ತವೆ. ಯುರೋಪಿನವರು ಇವನ್ನು ಡಮಾಸ್ಕಸ್ ಕತ್ತಿಗಳೆಂದು ಕೊಂಡಾಡಿದರು. ಸೂಕ್ಷ್ಮದರ್ಶಕದಡಿ ನೋಡಿದರೆ ಅವು ಪದರಗಳು. ಕಬ್ಬಿಣ ಮತ್ತು ಇಂಗಾಲ ಕೂಡಿದ ಅತಿ ಗಡಸು ಕಣಗಳ ಸಾಲೊಂದು, ಅದರ ಪಕ್ಕಕ್ಕೆ ಮೆದು ಉಕ್ಕಿನ ಸಾಲೊಂದು, ಕೂದಲೆಳೆಯಷ್ಟೇ ಅಂತರದಲ್ಲಿ ಮತ್ತೆ ಗಡಸು. ಅಮೆರಿಕದ ಜಾನ್ ವರ್‌ಹೋವೆನ್ ಎಂಬ ವಿಜ್ಞಾನಿ ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಜತೆಗೂಡಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ, ಅದಿರಿನಲ್ಲೇ ಬಂದ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ಈ ಸಾಲುಗಳನ್ನು ಕಟ್ಟಲು ಕಾರಣ. ಕಮ್ಮಾರನಿಗೆ ವೆನೇಡಿಯಂ ಗೊತ್ತಿರಲಿಲ್ಲ. ಯಾವ ಊರಿನ ಉಂಡೆ ಬಡಿತಕ್ಕೆ ಒದಗುತ್ತದೆ, ಯಾವುದು ಸುತ್ತಿಗೆಯಡಿ ಪುಡಿಯಾಗುತ್ತದೆ ಎಂಬುದು ಮಾತ್ರ ಕೈಗೆ ಗೊತ್ತಿತ್ತು.

ಊರ ಕಮ್ಮಾರನ ಜಾಣತನ ಇದಕ್ಕಿಂತ ಸರಳ. ಕೊಡಲಿಯನ್ನು ಮೆದು ಕಬ್ಬಿಣದಿಂದ ಮಾಡಿ ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಕೂಡಿಸುವುದು. ಹರಿತ ಉಕ್ಕಿನದು, ಮರದ ಮೇಲೆ ಬಿದ್ದಾಗಿನ ಅದುರು ತಾಳುವುದು ಕಬ್ಬಿಣದ ಕೆಲಸ. ಇಡೀ ಕೊಡಲಿಯನ್ನೇ ಮೂಸೆ ಉಕ್ಕಿನಿಂದ ಮಾಡಿಸಿದ ಸಾಹುಕಾರನ ಕೊಡಲಿ ಮೊದಲ ಜಾಲಿಮರಕ್ಕೇ ಚಕ್ಕೆ ಎದ್ದೀತು.

ಪಾಯೇಸ್ ಕಂಡ ಅಂಗಿ

ಹೊಡೆಯುವ ಲೋಹದ ಮಾತು ಇಷ್ಟಾಯಿತು. ತಡೆಯುವ ಬಟ್ಟೆಯ ಬಗೆಗೆ ಸಿಗುವ ಸಾಕ್ಷ್ಯ ಇನ್ನೂ ಹಳೆಯದು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೇಸ್, ಮಹಾನವಮಿಯ ಸಮಯದಲ್ಲಿ ಕೃಷ್ಣದೇವರಾಯ ಸೈನ್ಯದ ಪರಿವೀಕ್ಷಣೆ ಮಾಡಿದ್ದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕುದುರೆ ಸವಾರರು ತೊಟ್ಟಿದ್ದ ಹೊಲಿದ ಅಂಗಿಗಳ ಹೊರಗೆ ಮಖಮಲ್ಲು, ಒಳಗೆ ಬಲವಾದ ಹಸಿ ಚರ್ಮದ ಪದರಗಳು, ಅವಕ್ಕೆ ಬಲ ಕೊಡಲು ಕಬ್ಬಿಣದ ತಗಡುಗಳು. ಕೆಲವರ ತಗಡುಗಳಿಗೆ ಚಿನ್ನದ ಲೇಪವೂ ಇತ್ತಂತೆ. ಶಿರಸ್ತ್ರಾಣದಿಂದ ಕುತ್ತಿಗೆಯ ಮೇಲೆ ಇಳಿಬಿದ್ದ ಮುಚ್ಚಿಗೆಯೂ ಇತ್ತು. ಆತನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ವಿಜಯನಗರದ ಚರಿತ್ರೆ ಬರೆದವರೆಲ್ಲ ಅದನ್ನು ಬಳಸಿದ್ದಾರೆ. ಬಳಸಿದವರ ಕಣ್ಣು ಮಾತ್ರ ಚಿನ್ನದ ಲೇಪದ ಮೇಲೇ ಹೆಚ್ಚು ಬಿದ್ದಿದೆ. ಲೋಹ ಮತ್ತು ನಾರಿನ ಪದರಗಳನ್ನು ಕೂಡಿಸಿ ಏಟು ತಡೆಯುವ ವಸ್ತುವಿನ ಸ್ಪಷ್ಟ ವಿವರಣೆ ಅದೇ ಸಾಲುಗಳಲ್ಲಿದೆ.

ಇಂದಿನ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಆ ಸಾಮ್ರಾಜ್ಯದೊಳಗಿನ ನೆಲ. 1565ರ ಯುದ್ಧದಲ್ಲಿ ವಿಜಯನಗರ ಹಾಳಾದಾಗ ಅರಸು ಮನೆತನ ರಾಜಧಾನಿ ಮಾಡಿಕೊಂಡ ಪೆನುಕೊಂಡ ಪಾವಗಡಕ್ಕೆ ನೆರೆಯ ಊರು. ಆಮೇಲಿನ ಎರಡು ಶತಮಾನ ಈ ಸೀಮೆಗೆ ನೆಮ್ಮದಿಯೆಂಬುದಿರಲಿಲ್ಲ. ಬೆಟ್ಟಕ್ಕೊಬ್ಬ ಪಾಳೆಯಗಾರ. ಸಿರಾವನ್ನು 1638ರಲ್ಲಿ ಬಿಜಾಪುರದವರು ಹಿಡಿದರು, 1687ರಲ್ಲಿ ಮೊಗಲರು ಹಿಡಿದು ಒಂದು ಸುಬಾದ ರಾಜಧಾನಿ ಮಾಡಿದರು. 1761ರಲ್ಲಿ ಹೈದರಾಲಿ, ಕೆಲವೇ ವರ್ಷಗಳಲ್ಲಿ ಮರಾಠರು, 1774ರಲ್ಲಿ ಮತ್ತೆ ಹೈದರ್. ಹೈದರಾಲಿ ಬಿದನೂರನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದ ಮೇಲೆ. 1767ರಲ್ಲಿ ಮರಾಠರು ಕೋಟೆ ಹಿಡಿದು ಆಕೆಯನ್ನು ಬಿಡಿಸಿದರು. ಇಷ್ಟು ಸಲ ಕೈಬದಲಾದ ನೆಲದಲ್ಲಿ ಕತ್ತಿ ಈಟಿಗಳೂ ಗುರಾಣಿ ಕವಚಗಳೂ ಸುಮ್ಮನೆ ಗೂಟಕ್ಕೆ ತೂಗುಬಿದ್ದಿರಲಾರವು.

ಸವಾರನಿಗೆ ತಗಡಿನ ಅಂಗಿ ಸರಿ, ಕಾಲಾಳಿಗೆ? ಪಾಳೆಯಗಾರರ ಕಾಲಾಳುಗಳಲ್ಲಿ ಹೆಚ್ಚಿನವರು ಉಳುಮೆಯ ನಡುವೆ ಕರೆ ಬಂದಾಗ ಎದ್ದು ಹೋಗುವವರು. ತಗಡು ಕೊಳ್ಳುವ ತಾಕತ್ತು ಅವರಿಗಿರಲಿಲ್ಲ. ಹತ್ತಿ ತುಂಬಿ ಒತ್ತಾಗಿ ಹೊಲಿದ ಅಂಗಿಯೇ ದಕ್ಷಿಣದ ಸೈನಿಕನ ಬಡವರ ಕವಚ. ಬಯಲುಸೀಮೆಯ ಮನೆಗಳಲ್ಲಿ ಹಳೆಯ ಸೀರೆ ಪಂಚೆಗಳನ್ನು ಪದರವಾಗಿ ಹಾಸಿ ದಬ್ಬಳದಿಂದ ಹೊಲಿಯುವ ಕೌದಿಯ ಹೊಲಿಗೆಗೂ ಇದಕ್ಕೂ ತತ್ವ ಒಂದೇ.

ಹತ್ತಿಯ ಅಂಗಿ ಬಾಣವನ್ನು ಹೇಗೆ ತಡೆದೀತು ಎಂದು ಅನುಮಾನ ಬರುವುದು ಸಹಜ. ಒಂದು ಎಳೆಯನ್ನು ಕತ್ತರಿಸುವುದು ಸುಲಭ. ಬಿಗಿಯಾಗಿ ಹೊಲಿದ ಇಪ್ಪತ್ತು ಮೂವತ್ತು ಪದರಗಳಲ್ಲಿ ಪ್ರತಿ ಎಳೆಯೂ ತುಂಡಾಗುವ ಮೊದಲು ಹಿಗ್ಗುತ್ತದೆ, ಅಕ್ಕಪಕ್ಕದ ಎಳೆಗಳ ಮೇಲೆ ಉಜ್ಜುತ್ತದೆ, ತನ್ನ ಭಾರವನ್ನು ದೂರದವರೆಗೆ ಹಂಚುತ್ತದೆ. ಕಡಲೆಕಾಯಿ ತುಂಬಿದ ಗೋಣಿಚೀಲಕ್ಕೆ ಕೋಲಿನಿಂದ ಹೊಡೆದವರಿಗೆ ಇದರ ಅನುಭವವಿರುತ್ತದೆ. ಸದ್ದು ದೊಡ್ಡದು, ಚೀಲಕ್ಕೆ ಆಗುವುದೇನಿಲ್ಲ, ಕೈ ಮಾತ್ರ ಸೋಲುತ್ತದೆ. ಪಾಯೇಸ್ ವಿಜಯನಗರದಲ್ಲಿದ್ದ ಹೊತ್ತಿನಲ್ಲೇ ಭೂಮಿಯ ಆ ಮಗ್ಗುಲಿನ ಮೆಕ್ಸಿಕೋದಲ್ಲಿ ಸ್ಪೇನಿನ ಸೈನಿಕರು ತಮ್ಮ ಉಕ್ಕಿನ ಕವಚ ಬಿಚ್ಚಿಟ್ಟು ಅಜ್ಟೆಕ್ ಜನರ ಹತ್ತಿಯ ದಪ್ಪ ಅಂಗಿಗಳನ್ನು ತೊಡಲು ಶುರುಮಾಡಿದ್ದರು. ಹಗುರ, ಬಿಸಿಲಿಗೆ ಕಾಯುವುದಿಲ್ಲ, ಬಾಣ ತಡೆಯುತ್ತದೆ ಎಂಬುದೇ ಕಾರಣ.

ಉಂಗುರಗಳನ್ನು ಹೆಣೆದ ಕಬ್ಬಿಣದ ಬಲೆಯಂಗಿಯದು ಇದಕ್ಕೆ ತಿರುಗುಮುರುಗು ಕಥೆ. ಕತ್ತಿಯ ಅಲಗು ಅದನ್ನು ಸೀಳುವುದಿಲ್ಲ, ಆದರೆ ಏಟಿನ ರಭಸ ಹಾಗೇ ಒಳಕ್ಕೆ ಹೋಗುತ್ತದೆ. ಚರ್ಮ ಹರಿಯದಿದ್ದರೂ ಪಕ್ಕೆಲುಬು ಮುರಿಯುತ್ತದೆ. ಆದ್ದರಿಂದ ಬಲೆಯಂಗಿಯೊಳಗೆ ಹತ್ತಿಯ ಅಂಗಿ ಬೇಕೇ ಬೇಕು. ಮೊಗಲರ ಕಾಲದಲ್ಲಿ ಬಳಕೆಯಲ್ಲಿದ್ದ ‘ಚಿಲ್ತಾ ಹಜಾರ್ ಮಾಷಾ’ ಎಂಬ ಅಂಗಿಯಲ್ಲಿ ಬಟ್ಟೆಯ ಪದರಗಳ ಮೇಲೆ ಸಾವಿರಾರು ಹಿತ್ತಾಳೆ ಮೊಳೆಗಳನ್ನು ಬಡಿದಿರುತ್ತಾರೆ. ಎದೆಯ ಭಾಗಕ್ಕೆ ಉಕ್ಕಿನ ತಗಡು ಕೂಡಿಸಿರುವುದೂ ಉಂಟು. ಹೊರಗಿನ ಲೋಹ ಅಲಗಿನ ಮೊನೆ ಮುರಿಯಬೇಕು, ಒಳಗಿನ ಬಟ್ಟೆ ಉಳಿದ ರಭಸವನ್ನು ಹೀರಬೇಕು. ಇದು ಕೆಲಸದ ಹಂಚಿಕೆ.

ಇದೇ ಹಂಚಿಕೆ ಕೋಟೆಯ ಬಾಗಿಲಲ್ಲೂ ಕಾಣುತ್ತದೆ. ಮರದ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಹೊರಮೈಗೆ ಕಬ್ಬಿಣದ ಪಟ್ಟಿ ಹೊಡೆದು, ಆನೆಯ ಹಣೆಗೆ ತಾಗುವಂತೆ ಮುಳ್ಳುಗಳನ್ನು ನೆಟ್ಟಿರುವುದು ನಮ್ಮ ಕೋಟೆಗಳ ವಾಡಿಕೆ. ಕಬ್ಬಿಣದ ಬಾಗಿಲಾದರೆ ತೂಕಕ್ಕೆ ತಿರುಗುಣಿಯೇ ಕಿತ್ತು ಬಂದೀತು, ಬರಿಯ ಮರವಾದರೆ ಕೊಡಲಿಗೆ ಸೋತೀತು. ಗೋಡೆಯದೂ ಅಷ್ಟೆ. ಹೊರಗೆ ಕಲ್ಲಿನ ಮುಖ, ಒಳಗೆ ಮಣ್ಣಿನ ದಪ್ಪ ತುಂಬು. ಬರಿಯ ಕಲ್ಲುಗೋಡೆ ಫಿರಂಗಿಯ ಗುಂಡಿಗೆ ಬಿರುಕು ಬಿಟ್ಟು ಉರುಳುತ್ತದೆ, ಮಣ್ಣಿನಲ್ಲಿ ಗುಂಡು ಹೂತು ನಿಲ್ಲುತ್ತದೆ.

ಗುಂಡು ಬಂದು ಕವಚ ಹೋಯಿತು

ಹೈದರ್ ಟಿಪ್ಪುಗಳ ಕಾಲಕ್ಕೆ ಅಂಗಿಯ ಕವಚದ ಕಾಲ ಮುಗಿಯುತ್ತ ಬಂದಿತ್ತು. ಕಾರಣ ಲೆಕ್ಕದಲ್ಲಿದೆ. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದೊಡನೆ ಏರುತ್ತದೆ, ವೇಗದ ವರ್ಗದೊಡನೆ ಏರುತ್ತದೆ. ವೇಗ ಎರಡರಷ್ಟಾದರೆ ಏಟು ನಾಲ್ಕರಷ್ಟು. 60 ಗ್ರಾಂ ತೂಕದ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 75 ಜೌಲ್. ಅದರ ಅರ್ಧದಷ್ಟೇ ತೂಗುವ ಸೀಸದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದರೆ 2,400 ಜೌಲ್, ಅಂದರೆ ಬಾಣದ 32 ಪಟ್ಟು. ಅಷ್ಟನ್ನು ನುಂಗುವಷ್ಟು ಹತ್ತಿ ತುಂಬಿದರೆ ಸೈನಿಕ ಹಾಸಿಗೆ ಹೊತ್ತಂತೆ ನಡೆಯಬೇಕಾಗುತ್ತಿತ್ತು.

ಕುಲುಮೆಗಳು ಆರಿದ್ದಕ್ಕೆ ಕಾರಣ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದ ಎದುರು ಇದ್ದಿಲಿನ ಕಬ್ಬಿಣ ನಿಲ್ಲಲಿಲ್ಲ. ಕಾಡಿಗೆ ಸರ್ಕಾರದ ಕಾಯಿದೆ ಬಂದು ಇದ್ದಿಲು ಸುಡುವುದೂ ಕಷ್ಟವಾಯಿತು. ಇನ್ನೊಂದನ್ನೂ ಹೇಳಬೇಕು. ಒಂದು ಮಣ ಕಬ್ಬಿಣಕ್ಕೆ ಹಲವು ಮಣ ಇದ್ದಿಲು ಬೇಕು. ಮರ ಕಡಿದಷ್ಟು ಬೇಗ ಬೆಳೆಯುವ ಮಳೆ ಈ ಸೀಮೆಯದಲ್ಲ. ಮೈಸೂರು ಸಂಸ್ಥಾನ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭಿಸಿದಾಗ ಅದಕ್ಕೆ ಆರಿಸಿದ್ದು ಮಲೆನಾಡಿನ ಅಂಚು. ಬಯಲುಸೀಮೆಯ ಬೆಟ್ಟಗಳ ಬುಡಕ್ಕೆ ಆ ಕಸುಬು ಮರಳಲಿಲ್ಲ.

ಉಳಿದದ್ದು ಕಂಬಳಿ. ಸಿರಾ ಕಡೆಯ ಕುರಿಗಾರರ ಹೆಗಲ ಮೇಲೆ ಇಂದಿಗೂ ಕಾಣುವ ಕರಿ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಉಣ್ಣೆಯ ಎಳೆ, ಅದನ್ನು ಹಿಡಿದಿಡುವ ಅಂಟು. ಎಳೆಯೂ ಅಂಟೂ ಸೇರಿ ಎರಡಕ್ಕೂ ಇಲ್ಲದ ಬಿಗಿ ಬಂದದ್ದನ್ನು ಇಂದಿನ ಎಂಜಿನಿಯರುಗಳು ‘ಕಾಂಪೊಸಿಟ್’ ಎನ್ನುತ್ತಾರೆ. ಅವರ ಎಳೆ ಗಾಜಿನದೋ ಕಾರ್ಬನ್ನಿನದೋ ಆಗಿರುತ್ತದೆ, ಅಂಟು ರಾಸಾಯನಿಕ ರಾಳ.

ಅಲ್ಯೂಮಿನಿಯಂ ಮತ್ತು ಗಾಜಿನೆಳೆ

ವಿಮಾನಗಳ ಮೈ ಬಹುಕಾಲ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿತ್ತು. ಹಗುರ, ಬಾಗುತ್ತದೆ, ತಕ್ಷಣ ಮುರಿಯುವುದಿಲ್ಲ. ಆದರೆ ಸಾವಿರಾರು ಸಲ ಏರಿಳಿದ ವಿಮಾನದ ತಗಡಿನಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಒಂದೇ ದಪ್ಪ ತಗಡಾದರೆ ಬಿರುಕಿಗೆ ಅಡ್ಡಿಯಿಲ್ಲ. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾನಿಲಯದವರು ಫೋಕರ್ ವಿಮಾನ ಕಂಪನಿಯ ಅನುಭವವನ್ನು ಬಳಸಿಕೊಂಡು ಇದಕ್ಕೊಂದು ಉಪಾಯ ಹೂಡಿದರು. ತೆಳು ತಗಡುಗಳ ನಡುವೆ ಎಳೆಗಳ ಪದರವಿಟ್ಟು ಅಂಟಿಸುವುದು. ಮೊದಲು ಬಳಸಿದ್ದು ಅರಾಮಿಡ್ ಎಳೆ. 1965ರಲ್ಲಿ ಡ್ಯೂಪಾಂಟ್ ಕಂಪನಿಯ ಸ್ಟೆಫಾನಿ ಕ್ವೊಲೆಕ್ ಎಂಬಾಕೆ ಕಂಡುಹಿಡಿದ, ಗುಂಡು ತಡೆಯುವ ಅಂಗಿಗಳಿಂದ ಹೆಸರಾದ ಕೆವ್ಲಾರ್ ಇದೇ ಜಾತಿಯದು. ಆದರೆ ಅರಾಮಿಡ್ ಎಳೆ ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಮೆದು. 1980ರ ದಶಕದಲ್ಲಿ ಅದರ ಜಾಗಕ್ಕೆ ಗಾಜಿನೆಳೆ ತಂದು ‘ಗ್ಲೇರ್’ ಎಂಬ ವಸ್ತು ಮಾಡಿದರು. ಒಂದೊಂದು ತಗಡಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಹೆಚ್ಚಿಲ್ಲ, ಎಳೆಯ ಪದರ ಅದಕ್ಕಿಂತಲೂ ತೆಳು. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ380 ದೈತ್ಯ ವಿಮಾನದ ಮೈಯ ಮೇಲ್ಭಾಗದಲ್ಲಿ ಇದನ್ನು ಹೇರಳವಾಗಿ ಬಳಸಲಾಯಿತು.

ತಗಡಿನಲ್ಲಿ ಹುಟ್ಟಿದ ಬಿರುಕು ಎಳೆಯ ಪದರ ಮುಟ್ಟಿದಾಗ ತಡವರಿಸುತ್ತದೆ. ಎಳೆಗಳು ಬಿರುಕಿನ ಎರಡು ದಡಗಳನ್ನು ಹೊಲಿಗೆಯಂತೆ ಹಿಡಿದಿರುತ್ತವೆ. ಪೆಟ್ಟು ಬಿದ್ದಾಗ ಅಲ್ಯೂಮಿನಿಯಂ ತಗ್ಗಾಗುತ್ತದೆ, ಆ ತಗ್ಗಾಗುವಿಕೆಯಲ್ಲೇ ಬಹಳಷ್ಟು ಶಕ್ತಿ ಖರ್ಚಾಗುತ್ತದೆ. ಗಾಜಿನೆಳೆಗೆ ಒಂದು ವಿಶೇಷ ಗುಣವಿದೆ. ನಿಧಾನವಾಗಿ ಎಳೆದಾಗ ತೋರುವ ಬಲಕ್ಕಿಂತ ಥಟ್ಟನೆ ಎಳೆದಾಗ ತೋರುವ ಬಲ ಹೆಚ್ಚು. ಹಕ್ಕಿ, ಆಲಿಕಲ್ಲು, ಓಡುದಾರಿಯ ಕಲ್ಲುಚೂರು ಬಡಿಯುವುದು ಥಟ್ಟನೆಯೇ ಅಲ್ಲವೇ? ಹಾಗಾಗಿ ಅಷ್ಟೇ ತೂಕದ ಬರಿಯ ಅಲ್ಯೂಮಿನಿಯಂಗಿಂತ ಈ ಪದರದ ತಗಡು ಏಟಿಗೆ ಚೆನ್ನಾಗಿ ನಿಲ್ಲುತ್ತದೆ.

ಕಾರ್ಬನ್ ಎಳೆಯ ಸ್ವಭಾವ ಬೇರೆ. ಅದು ಗಾಜಿನೆಳೆಗಿಂತ ಬಿಗಿ, ಹಗುರ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಪಾಲು ಕಾರ್ಬನ್ ಕಾಂಪೊಸಿಟ್. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಈ ವಿದ್ಯೆಯನ್ನು ದೇಶದಲ್ಲಿ ಬೆಳೆಸಿದ ಮುಖ್ಯ ಸಂಸ್ಥೆ. ಆದರೆ ಕಾರ್ಬನ್ ಎಳೆ ಹೆಚ್ಚು ಹಿಗ್ಗುವುದಿಲ್ಲ. ಪೆಟ್ಟು ಬಿದ್ದರೆ ತಗ್ಗಾಗಿ ತೋರಿಸುವುದೂ ಇಲ್ಲ. ರಿಪೇರಿ ಮಾಡುವವನ ಕೈಯಿಂದ ಅರ್ಧ ಕಿಲೋ ತೂಕದ ಸುತ್ತಿಗೆ ಸೊಂಟದ ಎತ್ತರದಿಂದ ಜಾರಿ ರೆಕ್ಕೆಯ ಮೇಲೆ ಬಿದ್ದಿತೆನ್ನಿ. ಏಟಿನ ಶಕ್ತಿ ಐದಾರು ಜೌಲ್, ಹೆಚ್ಚಲ್ಲ. ಮೇಲೆ ಗುರುತೇ ಕಾಣದಿರಬಹುದು. ತೆಳುವಾದ ಜಾಗವಾಗಿದ್ದರೆ ಒಳಗಿನ ಪದರಗಳು ಒಂದಕ್ಕೊಂದು ಬಿಟ್ಟುಕೊಂಡಿರುತ್ತವೆ. ಹೊರಗೆ ಪೆಟ್ಟಾಗದಂತೆ ಕಾಣುವ ಈ ಒಳಪೆಟ್ಟೇ ಕಾರ್ಬನ್ ವಿಮಾನಗಳವರ ದೊಡ್ಡ ತಲೆನೋವು. ಅಲ್ಯೂಮಿನಿಯಂ ಹೊದಿಕೆಯಿರುವ ಗ್ಲೇರ್ ಪೆಟ್ಟು ತಿಂದದ್ದನ್ನು ಮುಖದಲ್ಲೇ ತೋರಿಸುತ್ತದೆ.

ಹಾಗಿದ್ದರೆ ಕಾರ್ಬನ್ನನ್ನೇ ಅಲ್ಯೂಮಿನಿಯಂ ನಡುವೆ ಇಟ್ಟರಾಯಿತಲ್ಲ ಎನ್ನಬಹುದು. ಕಾರ್ಬನ್ ಮತ್ತು ಅಲ್ಯೂಮಿನಿಯಂ ತೇವದಲ್ಲಿ ಒಂದಕ್ಕೊಂದು ತಾಗಿದರೆ ಬ್ಯಾಟರಿಯಂತೆ ವಿದ್ಯುತ್ತು ಹರಿದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಗ್ಲೇರ್ ಕೂಡ ತಯಾರಿಕೆಗೆ ದುಬಾರಿ. ಎ380ರ ತಯಾರಿಕೆ 2021ರಲ್ಲಿ ನಿಂತಿತು, ಆಮೇಲಿನ ದೊಡ್ಡ ವಿಮಾನಗಳಲ್ಲಿ ಕಾರ್ಬನ್ನಿಗೇ ಮೇಲುಗೈ. ಒಳ್ಳೆಯ ವಸ್ತುವೆಲ್ಲ ಪೇಟೆಯಲ್ಲಿ ಗೆಲ್ಲಬೇಕೆಂಬ ನಿಯಮವೇನೂ ಇಲ್ಲ.

ತುಮಕೂರು ಜಿಲ್ಲೆಗೂ ಈಗ ಈ ವಿದ್ಯೆಯ ಗಾಳಿ ಬೀಸಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಒಡಲಿಗೂ ರೆಕ್ಕೆಗೂ ಇಂದು ಕಾಂಪೊಸಿಟ್ ಇಲ್ಲದೆ ಆಗದು. ಪಾವಗಡದ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಹದಿಮೂರು ಸಾವಿರ ಎಕರೆಯಲ್ಲಿ ಹಾಸಿರುವ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಪಾರ್ಕಿನ ಫಲಕಗಳೂ ಪದರಗಳೇ. ಮೇಲೆ ಹದ ಮಾಡಿದ ಗಾಜು, ನಡುವೆ ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳೊಳಗೆ ಹುದುಗಿದ ಬಿಲ್ಲೆಗಳು, ಸುತ್ತ ಅಲ್ಯೂಮಿನಿಯಂ ಕಟ್ಟು. ಇಂಥ ಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರ್ ಅಗಲದ ಮಂಜುಗಡ್ಡೆಯ ಗುಂಡುಗಳನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹನ್ನೊಂದು ಜಾಗಗಳಿಗೆ ಹೊಡೆದು ನೋಡುತ್ತಾರೆ. ಬೇಸಿಗೆಯ ಕೊನೆಯ ಆಲಿಕಲ್ಲಿನ ಲೆಕ್ಕ ಇದು.

ತಲೆಯ ಮೇಲಿನ ಎರಡು ಪದರ

ಇಷ್ಟೆಲ್ಲ ದೂರದ ಮಾತು ಎನಿಸಿದರೆ ಮನೆಯ ಗೂಟದಲ್ಲಿ ತೂಗಿರುವ ಹೆಲ್ಮೆಟ್ ನೋಡಬಹುದು. ಹೊರಗೆ ಗಡಸು ಚಿಪ್ಪು, ಪ್ಲಾಸ್ಟಿಕ್ಕಿನದೋ ಗಾಜಿನೆಳೆಯದೋ. ಒಳಗೆ ಬಿಳಿಯ ಥರ್ಮೋಕೋಲಿನಂಥ ದಪ್ಪ ಪದರ. ಚಿಪ್ಪು ಕಲ್ಲಿನ ಮೊನೆಯನ್ನು ತಡೆದು ಏಟನ್ನು ಅಗಲಕ್ಕೆ ಹರಡುತ್ತದೆ. ಬಿಳಿ ಪದರ ಅಪ್ಪಚ್ಚಿಯಾಗುತ್ತ ತಲೆಯನ್ನು ಒಂದೇಟಿಗೆ ನಿಲ್ಲಿಸದೆ ಕ್ಷಣದ ಕೆಲವು ಪಾಲಿನಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ. ಆ ಕ್ಷಣದ ಪಾಲಿನಲ್ಲೇ ಬದುಕು ಸಾವಿನ ವ್ಯತ್ಯಾಸ. ವಿಜಯನಗರದ ಸವಾರನ ಶಿರಸ್ತ್ರಾಣದ ಹಂಚಿಕೆಯೂ ಇದೇ.

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟುಗಳು ಭಾರತೀಯ ಮಾನಕ ಸಂಸ್ಥೆಯ ಐಎಸ್ 4151 ಗುಣಮಟ್ಟದವೇ ಆಗಿರಬೇಕೆಂಬ ಕೇಂದ್ರ ಆದೇಶ ಜಾರಿಯಲ್ಲಿದೆ. ಆದರೂ ಹೆದ್ದಾರಿಯ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಟೋಪಿಗಳಲ್ಲಿ ಕೆಲವನ್ನು ಮಗುಚಿ ನೋಡಿದರೆ ಒಳಗೆ ಬಿಳಿ ಪದರವೇ ಇರುವುದಿಲ್ಲ. ಬಟ್ಟೆ ಹೊದಿಸಿದ ಸ್ಪಂಜು ಮಾತ್ರ. ಅದು ಬಲೆಯಂಗಿಯನ್ನು ಬರಿಮೈಗೆ ತೊಟ್ಟಂತೆ. ಪೊಲೀಸರ ಕಣ್ಣಿಗೆ ಸಾಕಾಗಬಹುದು, ರಸ್ತೆಗೆ ಸಾಲದು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಬಿಳಿ ಪದರ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲ. ಒಂದು ಅಪಘಾತದಲ್ಲಿ ತಲೆ ಉಳಿಸಿದ ಹೆಲ್ಮೆಟ್ ಹೊರಗೆ ನೆಟ್ಟಗೆ ಕಂಡರೂ ಇನ್ನೊಂದಕ್ಕೆ ಒದಗದು. ಅದನ್ನು ಬಿಸಾಡಬೇಕು.

ಕಾರ್ಬನ್ ರೆಕ್ಕೆಯ ಒಳಪೆಟ್ಟನ್ನು ಪತ್ತೆ ಹಚ್ಚಲು ಈಗ ಶ್ರವಣಾತೀತ ಧ್ವನಿಯ ಯಂತ್ರಗಳಿವೆ. ಅದರ ಜತೆಗೆ ಒಂದು ಹಳೆಯ ವಿಧಾನವನ್ನೂ ವಿಮಾನ ರಿಪೇರಿಯವರು ಕೈಬಿಟ್ಟಿಲ್ಲ. ನಾಣ್ಯದಿಂದಲೋ ಪುಟ್ಟ ಸುತ್ತಿಗೆಯಿಂದಲೋ ಮೈಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗುವುದು. ಪದರಗಳು ಕೂಡಿಕೊಂಡಿದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟುಕೊಂಡಿದ್ದಲ್ಲಿ ಮಂಕಾಗಿ ದಬ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳುವುದೂ ಇದೇ ಎರಡು ಸದ್ದುಗಳನ್ನು.